ಓ-ಬ್ರಿಯೋಂ ವೈನೂ ಟಿಕೋಟಾದ ದ್ರಾಕ್ಷಿಯೂ

ವೈನ್ ಎಂದ ಕೂಡಲೆ ನಮ್ಮ ಕನ್ನಡ ಕೂಟಗಳಲ್ಲಿ ಎರಡು ಪಂಗಡಗಳಾಗುತ್ತವೆ. ಒಂದು, "ಅಯ್ಯೋ, ಅದೆಲ್ಲ ನಮಗೆ ಆಗಿಬರುವುದಿಲ್ಲ" ಎಂದು ಕೈಮುಗಿಯುವವರದು. ಇನ್ನೊಂದು, ಯಾರೂ ಕೇಳದಿದ್ದರೂ ಬಾಟಲಿಯ ಇಸವಿ, ಬೆಲೆ ಎರಡನ್ನೂ ಹೇಳುವವರದು. ನಾನು ಇವೆರಡರ ನಡುವೆ ನಿಂತವಳು. ಆದ್ದರಿಂದಲೇ ಫೋರ್ಟ್ ಲೀಯ ನಮ್ಮ ಕಟ್ಟಡದ ಸಭಾಂಗಣದಲ್ಲಿ ವ್ಯಾಪಾರಿಯೊಬ್ಬರು ಫ್ರೆಂಚ್ ವೈನ್ ಸವಿಯುವ ಸಂಜೆ ಏರ್ಪಡಿಸಿದಾಗ, ಊರಿನಿಂದ ಬಂದಿದ್ದ ಅಪ್ಪನನ್ನೂ ಕರೆದುಕೊಂಡು ಹೋದೆ.

ಅಪ್ಪ ವಿಜಯಪುರ ಜಿಲ್ಲೆಯ ಟಿಕೋಟಾ ಕಡೆಯ ದ್ರಾಕ್ಷಿ ಬೆಳೆಗಾರ. ಜೀವಮಾನದಲ್ಲಿ ಒಂದು ಹನಿ ಮದ್ಯ ಮುಟ್ಟಿದವರಲ್ಲ. "ನಾ ಕುಡ್ಯಾಂಗಿಲ್ಲವಾ, ಬರೀ ಮೂಸಿ ನೋಡ್ತೀನಿ" ಎಂಬ ಷರತ್ತಿನ ಮೇಲೆ ಬಂದರು. ಅವರು ಅಮೆರಿಕಕ್ಕೆ ಬಂದದ್ದು ಮೊಮ್ಮಗಳನ್ನು ನೋಡಲು. ಜೊತೆಗೆ ಇನ್ನೊಂದು ಮಾತೂ ಇತ್ತು. ನಾನು ಇಲ್ಲಿ, ತಮ್ಮ ಕ್ಯಾಲಿಫೋರ್ನಿಯಾದಲ್ಲಿ. ಮೂರೆಕರೆ ತೋಟ ಮುಂದೆ ಯಾರಿಗೆ? ನಿವೇಶನ ಮಾಡಿ ಮಾರುವವರೊಬ್ಬರು ಒಳ್ಳೆಯ ಬೆಲೆ ಹೇಳಿದ್ದರು.

ಅಂದಿನ ವೈನ್‌ಗಳೆಲ್ಲ ಬೋರ್ಡೋದ ಶಾತೊ ಓ-ಬ್ರಿಯೋಂ ಮನೆಯವು. 16ನೇ ಶತಮಾನದಲ್ಲಿ ಪೊಂತಾಕ್ ಮನೆತನದವರು ಕಟ್ಟಿ ಬೆಳೆಸಿದ ತೋಟ ಇದು. 1663ರಲ್ಲಿ ಲಂಡನ್ನಿನ ಸಾಮ್ಯುಯೆಲ್ ಪೀಪ್ಸ್ ತನ್ನ ದಿನಚರಿಯಲ್ಲಿ ಈ ವೈನನ್ನು ಹೆಸರಿಸಿ ಮೆಚ್ಚಿಕೊಂಡ. 1787ರಲ್ಲಿ, ಫ್ರಾನ್ಸಿನಲ್ಲಿ ಅಮೆರಿಕದ ರಾಯಭಾರಿಯಾಗಿದ್ದ ಥಾಮಸ್ ಜೆಫರ್ಸನ್ ಸ್ವತಃ ಹೋಗಿ ನೋಡಿ ಬಂದ. 1855ರಲ್ಲಿ ಪ್ಯಾರಿಸ್ಸಿನ ವಸ್ತುಪ್ರದರ್ಶನಕ್ಕೆಂದು ಬೋರ್ಡೋದ ವೈನ್‌ಗಳಿಗೆ ದರ್ಜೆ ಕಟ್ಟಿದಾಗ ಮೊದಲ ದರ್ಜೆ ಸಿಕ್ಕಿದ್ದು ನಾಲ್ಕೇ ಕೆಂಪು ವೈನ್‌ಗಳಿಗೆ. ಅದರಲ್ಲಿ ಇದೊಂದು.

ನಮಗೆ ಹತ್ತಿರದ ಸಂಗತಿಯೂ ಒಂದಿದೆ. ಈ ತೋಟವನ್ನು 1935ರಲ್ಲಿ ಕೊಂಡವರು ಕ್ಲಾರೆನ್ಸ್ ಡಿಲನ್ ಎಂಬ ಅಮೆರಿಕನ್ ಬ್ಯಾಂಕರ್. ಅವರು 1979ರಲ್ಲಿ ತೀರಿಕೊಂಡದ್ದು ನಮ್ಮ ನ್ಯೂಜೆರ್ಸಿಯ ಫಾರ್ ಹಿಲ್ಸ್‌ನಲ್ಲೇ. ಈಗ ತೋಟದ ಆಡಳಿತ ಅವರ ಮರಿಮಗ, ಲಕ್ಸೆಂಬರ್ಗಿನ ರಾಜಕುಮಾರ ರಾಬರ್ಟ್ ಅವರ ಕೈಯಲ್ಲಿದೆ.

ಇನ್ನು ಸವಿಯುವ ಕ್ರಮ. ಲೋಟವನ್ನು ಕಾಲಿನಲ್ಲಿ ಹಿಡಿಯಬೇಕು. ಬಿಳಿ ಬಟ್ಟೆಯ ಮುಂದೆ ಓರೆ ಮಾಡಿ ಬಣ್ಣ ನೋಡಬೇಕು. ಮೆಲ್ಲಗೆ ತಿರುಗಿಸಿ ಮೂಸಬೇಕು. ಆಮೇಲೆ ಒಂದು ಗುಟುಕನ್ನು ಬಾಯಲ್ಲಿ ಆಡಿಸಿ, ಬೇಕಿದ್ದರೆ ಪಕ್ಕದ ಪಾತ್ರೆಗೆ ಉಗುಳಬೇಕು. ಇದನ್ನು ಕಂಡು ಅಪ್ಪ, "ಇಷ್ಟ್ ರೊಕ್ಕಾ ಕೊಟ್ಟು ಉಗಳ್ತಾರಲ್ಲವಾ!" ಎಂದರು. ಕೊರಿಯನ್ ನೆರೆಯವರಿಗೆ ಅನುವಾದಿಸಿದೆ. ಅವರೂ ನಕ್ಕರು.

ಮೊದಲು ಕ್ಲಾರೆಂಡೆಲ್, ನಂತರ ಎರಡನೇ ವೈನ್ ಎನಿಸಿದ ಲ ಕ್ಲಾರೆನ್ಸ್, ಕೊನೆಗೆ ಓ-ಬ್ರಿಯೋಂ. ಕೊನೆಯದನ್ನು ಬಡಿಸಿದ್ದು ತೀರ್ಥದ ಹಾಗೆ, ಒಂದು ಉದ್ಧರಣೆಯಷ್ಟು! ನಾಲಿಗೆಯ ಮೇಲೆ ಮೊದಲು ಹುಳಿ, ಹಿಂದೆಯೇ ಒಗರು. ಇಂಗ್ಲಿಷಿನಲ್ಲಿ ಒಗರನ್ನು ವಿವರಿಸಲು ಜನ ತಿಣುಕುತ್ತಿದ್ದರು. ನೇರಳೆ ಹಣ್ಣು, ಎಳೆ ಬಾಳೆಕಾಯಿ ತಿಂದು ಬೆಳೆದ ನಮಗೆ ಒಂದೇ ಪದ ಸಾಕು. ಅಪ್ಪ ಕಣ್ಣು ಮುಚ್ಚಿ ಮೂಸಿ, "ನಿಪ್ಪಾಣಿ ತಂಬಾಕಿನ ವಾಸನಿ. ಒಳಗ ಹಸಿ ಮಣ್ಣೂ ಐತಿ" ಎಂದರು. ವ್ಯಾಪಾರಿ ಬೆರಗಾದರು. ಓ-ಬ್ರಿಯೋಂ ಬಗ್ಗೆ ಬಲ್ಲವರು ಹೇಳುವುದು ಅದನ್ನೇ: ಹೊಗೆ, ತಂಬಾಕು, ಮಣ್ಣು.

ಆಮೇಲೆ ಅಪ್ಪ ಕೇಳಿದ ಪ್ರಶ್ನೆ ಆ ಸಂಜೆ ಬೇರೆ ಯಾರೂ ಕೇಳಿರಲಿಲ್ಲ: "ಇದರ ಬುಡ ಯಾವ್ದು?"

ಉತ್ತರ: ಅಮೆರಿಕದ್ದು. 1860ರ ದಶಕದಲ್ಲಿ ಫಿಲಾಕ್ಸೆರಾ ಎಂಬ ಸಣ್ಣ ಕೀಟ ಅಮೆರಿಕದಿಂದ ಫ್ರಾನ್ಸಿಗೆ ಹೋಗಿ, ಬೇರು ಹೀರಿ, ಅಲ್ಲಿಯ ತೋಟಗಳನ್ನು ಒಣಗಿಸಿಬಿಟ್ಟಿತು. ಅಮೆರಿಕದ ಕಾಡುದ್ರಾಕ್ಷಿಯ ಬೇರಿಗೆ ಮಾತ್ರ ಅದನ್ನು ತಾಳಿಕೊಳ್ಳುವ ಶಕ್ತಿ ಇತ್ತು. ಆ ಬೇರಿಗೆ ಫ್ರೆಂಚ್ ಬಳ್ಳಿಯನ್ನು ಕಸಿ ಕಟ್ಟಿದರು, ತೋಟ ಉಳಿಯಿತು. ಇದರಲ್ಲಿ ನೆರವಾದ ಟೆಕ್ಸಾಸಿನ ಟಿ. ವಿ. ಮನ್ಸನ್ ಅವರಿಗೆ ಫ್ರಾನ್ಸ್ 1888ರಲ್ಲಿ ಗೌರವ ಪದಕ ಕೊಟ್ಟಿತು. ಜೆಫರ್ಸನ್ ತನ್ನ ವರ್ಜೀನಿಯಾದ ತೋಟದಲ್ಲಿ ನೆಟ್ಟ ಯುರೋಪಿನ ಬಳ್ಳಿಗಳು ನೆಲೆಯೂರದೆ ಹೋದದ್ದಕ್ಕೂ ಈ ಕೀಟ ಒಂದು ಕಾರಣವೆನ್ನುತ್ತಾರೆ.

ಅಪ್ಪ ತಲೆದೂಗಿದರು. "ನಮ್ಮದೂ ಡಾಗ್‌ರಿಡ್ಜ್ ಬುಡಾನೇ" ಎಂದರು. ಬರ ಮತ್ತು ಸವುಳು ನೀರನ್ನು ತಾಳಲೆಂದು ನಮ್ಮ ಕಡೆ ಥಾಮ್ಸನ್ ಸೀಡ್‌ಲೆಸ್ ಬಳ್ಳಿಯನ್ನು ಕಸಿ ಕಟ್ಟುವುದು ಡಾಗ್‌ರಿಡ್ಜ್ ಬೇರಿನ ಮೇಲೆ. ಅದೂ ಟೆಕ್ಸಾಸ್ ಮೂಲದ್ದೇ! ದೇವನಹಳ್ಳಿ, ಚಿಕ್ಕಬಳ್ಳಾಪುರದ ಬೆಂಗಳೂರು ನೀಲಿ ದ್ರಾಕ್ಷಿಯಲ್ಲೂ ಅಮೆರಿಕದ ತಳಿಯ ರಕ್ತವಿದೆ. ನಂದಿ ಬೆಟ್ಟದ ತಪ್ಪಲಲ್ಲಿ ಗ್ರೋವರ್ ಅವರು ಫ್ರೆಂಚ್ ತಳಿಗಳನ್ನು ಬೆಳೆದು, 1990ರ ದಶಕದಲ್ಲಿ ಬೋರ್ಡೋದ ಮಿಶೆಲ್ ರೊಲಾಂ ಅವರ ಸಲಹೆ ಪಡೆದು ವೈನ್ ಮಾಡಿದ್ದು ನಿಮಗೆ ಗೊತ್ತಿರಬಹುದು. ದ್ರಾಕ್ಷಿಗೆ ಸಮುದ್ರ ದಾಟುವುದು ಹೊಸದೇನಲ್ಲ.

ಮನೆಗೆ ಹೋಗುವಾಗ ಲಿಫ್ಟಿನಲ್ಲಿ ಅಪ್ಪ ವ್ಯಾಪಾರಿ ತೋರಿಸಿದ ಚಿತ್ರವನ್ನು ನೆನೆದರು. ಬೋರ್ಡೋ ನಗರ ಬೆಳೆದು ಓ-ಬ್ರಿಯೋಂ ಸುತ್ತಲೂ ಮನೆಗಳೆದ್ದಿವೆ, ನಡುವೆ ತೋಟ ಹಾಗೇ ಇದೆ. "ಮಾಲಕರು ಎಷ್ಟ್ ಮಂದಿ ಬದಲಾದ್ರೂ ಬಳ್ಳಿ ಕೀಳಲಿಲ್ಲ ನೋಡು" ಎಂದರು. ನಾನು ಏನೂ ಹೇಳಲಿಲ್ಲ. ಊರಿಗೆ ಮರಳಿದ ಮೇಲೆ ತೋಟವನ್ನು ನಿವೇಶನದವರಿಗೆ ಕೊಡದೆ, ಪಕ್ಕದ ಹೊಲದ ಹುಡುಗನಿಗೆ ಪಾಲಿಗೆ ಕೊಟ್ಟರು. ಬಂದದ್ದು ಕಡಿಮೆ ಹಣ. ನಮಗೆ ಬೇಸರವಿಲ್ಲ.

ನನ್ನ ಮಗಳು ಫೋರ್ಟ್ ಲೀಯಲ್ಲಿ ಹುಟ್ಟಿದವಳು. ಅವಳ ಬೇರು ಈ ನೆಲದ್ದು, ಅದರಲ್ಲಿ ಸಂಕೋಚಪಡುವಂಥದ್ದೇನೂ ಇಲ್ಲ. ಆ ಬೇರಿನ ಬಲದಿಂದಲೇ ಅವಳು ಇಲ್ಲಿ ನಿಲ್ಲುವವಳು. ಆದರೆ ಹಣ್ಣಿನ ರುಚಿ ನಿರ್ಧರಿಸುವುದು ಮೇಲೆ ಕಟ್ಟಿದ ಕಸಿ, ಮತ್ತು ಕಸಿ ತಾನಾಗಿ ಕೂಡುವುದಿಲ್ಲ, ಯಾರಾದರೂ ಕೈಯಿಂದ ಕಟ್ಟಬೇಕು. ಭಾನುವಾರದ ಕನ್ನಡ ತರಗತಿಗೆ ಕಾರು ಓಡಿಸುವುದೂ, ಅಜ್ಜನ ಜೊತೆ ಫೋನಿನಲ್ಲಿ ಕನ್ನಡದಲ್ಲೇ ಮಾತಾಡಿಸುವುದೂ ಅಂಥದೇ ಕೆಲಸ. ಈ ಹಬ್ಬಕ್ಕೆ ಟಿಕೋಟಾದಿಂದ ಒಣದ್ರಾಕ್ಷಿಯ ಪೊಟ್ಟಣ ಬಂದಿದೆ. ಪಾಯಸಕ್ಕೆ ಹಾಕುವ ಮುನ್ನ ಅದು ಯಾರ ತೋಟದ್ದೆಂದು ಮಗಳಿಗೆ ಹೇಳುತ್ತೇನೆ.