ಯಾವತ್ತು, ಏನಂದರು, ಯಾರಿದ್ದರು
ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಕಡೆಯವರು ಉಪವಿಭಾಗಾಧಿಕಾರಿಗಳನ್ನು ಕಾಣಬೇಕೆಂದರೆ ಹುಣಸೂರಿಗೇ ಬರಬೇಕು. ನಾನು ಇಲ್ಲಿ ಅರ್ಜಿ ಬರೆದುಕೊಡುವವಳು. ಖಾತೆ, ಪಿಂಚಣಿ, ಪೋಡಿಯ ಅರ್ಜಿಗಳ ನಡುವೆ ಕೆಲಸದ ಜಾಗದ ಸಂಕಟ ಹೇಳಿಕೊಳ್ಳುವವರೂ ಬರುತ್ತಾರೆ. ಹೊಗೆಸೊಪ್ಪಿನ ಗ್ರೇಡಿಂಗ್‌ಗೆ ಹೋಗುವ ಹೆಂಗಸರು, ಅಕ್ಕಿ ಗಿರಣಿಯ ಹಮಾಲರು, ಮೈಸೂರಿನ ಗಾರ್ಮೆಂಟ್ಸ್‌ಗೆ ಬೆಳಗಿನ ವ್ಯಾನು ಹತ್ತುವವರು, ಕೊಡಗಿನ ತೋಟದಿಂದ ರಾತ್ರೋರಾತ್ರಿ ಎದ್ದುಬಂದವರು. ಎಲ್ಲರದೂ ಮೊದಲು ಒಂದೇ ಮಾತು: "ತುಂಬಾ ಕಿರುಕುಳ ಅಕ್ಕ, ಏನಾದರೂ ಬರೆದುಕೊಡಿ."

ಅಷ್ಟನ್ನೇ ಬರೆದರೆ ಅರ್ಜಿ ನಿಲ್ಲುವುದಿಲ್ಲ. ಕೆ.ಆರ್. ನಗರ ಕಡೆಯ ಒಬ್ಬ ಹೆಣ್ಣುಮಗಳು ಬಂದಿದ್ದಳು. ಟಾರ್ಗೆಟ್ ಮುಗಿಯದಿದ್ದರೆ ಸೂಪರ್‌ವೈಸರ್ ಹೊಲಿದ ಪೀಸುಗಳನ್ನು ಮುಖದ ಮೇಲೆ ಎಸೆಯುತ್ತಾನೆ, ಟಾಯ್ಲೆಟ್‌ಗೆ ಹೋಗಿಬಂದರೆ ಲೈನಿನವರೆಲ್ಲ ಕೇಳುವ ಹಾಗೆ ನಿಮಿಷ ಎಣಿಸುತ್ತಾನೆ ಎಂದಳು.

"ಯಾವತ್ತು ಎಸೆದ?"

"ದಿನಾ ಇದ್ದದ್ದೇ ಅಕ್ಕ."

"ಕೊನೇ ಸಲ?"

"ನಿನ್ನೆ. ಊಟದ ಬೆಲ್ಲಿಗೆ ಸ್ವಲ್ಪ ಮುಂಚೆ."

"ಪಕ್ಕದ ಮೆಷಿನ್ನಿನಲ್ಲಿ ಯಾರಿದ್ದರು?"

ಅಲ್ಲಿಗೆ ಸುಮ್ಮನಾದಳು. ಹೆಸರು ಹೇಳಿದರೆ ಅವರ ಕೆಲಸವೂ ಹೋದೀತು ಎಂಬ ಭಯ. ಆ ಭಯ ಸುಳ್ಳಲ್ಲ. ಅದಕ್ಕೇ ನಾನು ಒಬ್ಬರ ಸಹಿಯ ಅರ್ಜಿಗಿಂತ ಇಬ್ಬರು ಮೂವರು ಕೂಡಿ ಹಾಕಿದ ಸಹಿಗೆ ಕಾಯುತ್ತೇನೆ. ಅಲ್ಲಿಯವರೆಗೆ ಅವಳು ಮಾಡಬೇಕಾದ ಕೆಲಸವೊಂದಿದೆ: ಮನೆಗೆ ಬಂದ ಮೇಲೆ, ಮಗುವಿನ ಹಳೇ ನೋಟ್‌ಬುಕ್ಕಿನಲ್ಲಾದರೂ ಸರಿ, ತಾರೀಕು, ಹೊತ್ತು, ಅವನಾಡಿದ ಮಾತು ಇದ್ದದ್ದು ಇದ್ದ ಹಾಗೆ, ಯಾರು ನೋಡಿದರು ಎಂದು ಬರೆದಿಡುವುದು. ಬೈಗುಳ ಬರೆಯಲು ನಾಚಿಕೆಯಾಗುತ್ತದೆ. ಆದರೂ ಬರೆಯಬೇಕು. ವಾಟ್ಸ್ಆ್ಯಪ್ ಸಂದೇಶ ಅಳಿಸಬಾರದು.

ತಪ್ಪು ಮಾಡಿದಾಗ ಮೇಲಿನವರು ಒಮ್ಮೆ ಗದರಿದರೆ ಅದಕ್ಕೆ ನಾನು ಅರ್ಜಿ ಬರೆಯುವುದಿಲ್ಲ. ಒಬ್ಬರನ್ನೇ ಗುರಿಮಾಡಿ, ನಾಲ್ಕು ಜನರ ಮುಂದೆ, ಮತ್ತೆ ಮತ್ತೆ ಹೀನಾಯಮಾಡುವುದು ಬೇರೆ. ಅದನ್ನೆಲ್ಲ ಒಟ್ಟಿಗೆ ಹಿಡಿಯುವ ಒಂದೇ ಕಾನೂನು ನಮ್ಮಲ್ಲಿಲ್ಲ. ಕೆಲಸದ ಜಾಗದ ಹಿಂಸೆ, ಕಿರುಕುಳ ತಡೆಯಲೆಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 2019ರಲ್ಲಿ 190ನೇ ಒಪ್ಪಂದ ಮಾಡಿತು. ಭಾರತ ಅದನ್ನಿನ್ನೂ ಅನುಮೋದಿಸಿಲ್ಲ. ಹಾಗಾಗಿ ನೋವು ಯಾವ ಬಗೆಯದೋ ಆ ಬಾಗಿಲನ್ನೇ ಹುಡುಕಬೇಕು. 20 ಅಥವಾ ಹೆಚ್ಚು ಕೆಲಸಗಾರರಿರುವ ಕಾರ್ಖಾನೆಯಲ್ಲಿ ಕುಂದುಕೊರತೆ ಸಮಿತಿ ಇರಬೇಕು; ಗಾರ್ಮೆಂಟ್ಸಿನ ಅರ್ಜಿ ಮೊದಲು ಅಲ್ಲಿಗೆ, ನಕಲು ಕಾರ್ಮಿಕ ಇಲಾಖೆಗೆ.

ಕೋಟೆ ಕಡೆಯ ಹಾಡಿಯವರ ಕಥೆ ಇನ್ನೂ ಭಾರ. ಮೇಸ್ತ್ರಿ ಕೊಟ್ಟ ಮುಂಗಡ ತೀರುವವರೆಗೆ ತೋಟ ಬಿಡುವಂತಿಲ್ಲ, ಆಧಾರ್ ಕಾರ್ಡು ಅವನ ಕೈಲಿ, ಮಾತೆತ್ತಿದರೆ ಜಾತಿ ಹಿಡಿದು ಬೈಗುಳ. ಇದನ್ನು ಬರೀ ಕಿರುಕುಳ ಎಂದು ಬರೆಯುವುದು ಅನ್ಯಾಯ. ಸಾಲದ ಹೆಸರಲ್ಲಿ ಮನುಷ್ಯನನ್ನು ಕಟ್ಟಿಹಾಕುವುದು 1976ರ ಜೀತ ನಿರ್ಮೂಲನಾ ಕಾಯ್ದೆಯಡಿ ಅಪರಾಧ. ನಮ್ಮ ಹುಣಸೂರಿನ ದೇವರಾಜ ಅರಸು ಮುಖ್ಯಮಂತ್ರಿಯಾಗಿದ್ದ ಕಾಲದ ಕಾಯ್ದೆ ಅದು, ಇವತ್ತಿಗೂ ಬೇಕಾಗುತ್ತಿದೆ. ಪರಿಶಿಷ್ಟರಲ್ಲದವರು ಜೇನುಕುರುಬರಂಥ ಪರಿಶಿಷ್ಟರನ್ನು ಜನರೆದುರು ಜಾತಿ ಹಿಡಿದು ಬೈದರೆ 1989ರ ದೌರ್ಜನ್ಯ ತಡೆ ಕಾಯ್ದೆ ಇದೆ. ಅದರ ತನಿಖೆ ಡಿವೈಎಸ್‌ಪಿ ದರ್ಜೆಯವರೇ ಮಾಡಬೇಕು. ಇಲ್ಲಿಯೂ 'ಯಾರಿದ್ದರು' ಎಂಬ ಪ್ರಶ್ನೆಯೇ ಕೇಸನ್ನು ನಿಲ್ಲಿಸುವುದು ಅಥವಾ ಬೀಳಿಸುವುದು. ವಕೀಲರಿಗೆ ದುಡ್ಡಿಲ್ಲ ಎಂದು ಹಿಂದೆ ಸರಿಯಬೇಡಿ: ಹೆಂಗಸರಿಗೆ, ಪರಿಶಿಷ್ಟರಿಗೆ ಕಾನೂನು ಸೇವಾ ಸಮಿತಿಯ ನೆರವು ಉಚಿತ. ಫೋನ್ 15100.

ಓದಿ ಹುದ್ದೆಯಲ್ಲಿರುವವರಿಗೆ ಇದೆಲ್ಲ ಆಗುವುದಿಲ್ಲ ಎನ್ನುವವರು 2020ರ ಆಗಸ್ಟ್ ನೆನಪಿಸಿಕೊಳ್ಳಲಿ. ಕೊರೊನಾ ಕಾಲದಲ್ಲಿ ನಂಜನಗೂಡಿನ ತಾಲ್ಲೂಕು ಆರೋಗ್ಯಾಧಿಕಾರಿ ಜೀವ ಕಳೆದುಕೊಂಡರು. ಮೇಲಧಿಕಾರಿಗಳ ಒತ್ತಡವೇ ಕಾರಣವೆಂದು ಆರೋಪಿಸಿ ಮೈಸೂರಿನಲ್ಲಿ ವೈದ್ಯರು ಬೀದಿಗಿಳಿದರು. ಅಷ್ಟು ಜನ ಒಟ್ಟಾಗಿ ನಿಂತದ್ದು ಅವರು ಹೋದ ಮೇಲೆ. ನನಗೆ ಈಗಲೂ ಸಂಕಟವಾಗುವುದು ಅದಕ್ಕೆ. ಮನಸ್ಸು ಕುಸಿದವರು ನನ್ನೆದುರು ಕೂತರೆ ಅರ್ಜಿಗಿಂತ ಮೊದಲು 14416ಕ್ಕೆ, ಟೆಲಿ ಮಾನಸ್‌ಗೆ, ಫೋನ್ ಹಚ್ಚಿಕೊಡುತ್ತೇನೆ.

ಮಾಲೀಕರೂ ನನ್ನ ಹತ್ತಿರ ಬರುತ್ತಾರೆ, ಲೈಸೆನ್ಸಿನ ಅರ್ಜಿಗೆ. ಅವರಿಗೆ ಹೇಳುತ್ತೇನೆ: ತಪ್ಪಿದ್ದರೆ ಒಳಗೆ ಕರೆದು ಹೇಳಿ. ಮೇಸ್ತ್ರಿಯ ಮೇಲಿನ ದೂರನ್ನು ಮೇಸ್ತ್ರಿಯ ಕೈಗೇ ಕೊಡಬೇಕಾದ ಸ್ಥಿತಿ ಇಡಬೇಡಿ. ದೂರು ಕೊಟ್ಟವಳಿಗೆ ಮಾರನೇ ದಿನ ಕೆಲಸ ಬದಲಿಸಿ ಹಿಂಸೆ ಕೊಡದಂತೆ ನೋಡಿಕೊಳ್ಳಿ. ಇಷ್ಟಕ್ಕೆ ಖರ್ಚೇನೂ ಇಲ್ಲ.

ಕಿರುಕುಳ ಲೈಂಗಿಕವಾದದ್ದಾದರೆ 2013ರ ಕಾಯ್ದೆ ಗಟ್ಟಿಯಾಗಿದೆ. ಹತ್ತು ಅಥವಾ ಹೆಚ್ಚು ಜನರಿರುವಲ್ಲಿ ಆಂತರಿಕ ಸಮಿತಿ, ಅದಕ್ಕಿಂತ ಕಡಿಮೆಯಿದ್ದರೆ ಅಥವಾ ದೂರು ಮಾಲೀಕನ ಮೇಲೆಯೇ ಇದ್ದರೆ ಜಿಲ್ಲೆಯ ಸ್ಥಳೀಯ ಸಮಿತಿ. ದೂರಿಗೆ ಮೂರು ತಿಂಗಳ ಗಡುವು. ತಕ್ಕ ಕಾರಣವಿದ್ದರೆ ಇನ್ನೂ ಮೂರು ತಿಂಗಳು ವಿಸ್ತರಿಸಬಹುದು. ಬರೆಯಲು ಬಾರದವಳಿಗೆ ಸಮಿತಿಯೇ ಬರೆಯಲು ನೆರವಾಗಬೇಕೆಂದು ಕಾಯ್ದೆಯಲ್ಲೇ ಇದೆ. ಗ್ರೇಡಿಂಗ್ ಶೆಡ್ಡಿನ ಹೆಂಗಸು ಮೈಸೂರಿಗೆ ಅಲೆಯಬೇಕಾಗಿಯೂ ಇಲ್ಲ: ಪ್ರತಿ ತಾಲ್ಲೂಕಿಗೆ ಒಬ್ಬ ನೋಡಲ್ ಅಧಿಕಾರಿಯನ್ನು ಗೊತ್ತುಮಾಡಬೇಕು, ಅವರು ದೂರು ಪಡೆದು ಏಳು ದಿನದೊಳಗೆ ಸಮಿತಿಗೆ ಕಳಿಸಬೇಕು. ಆ ಅಧಿಕಾರಿಯ ಹೆಸರು, ಫೋನ್ ನಂಬರು ಪಿರಿಯಾಪಟ್ಟಣದಲ್ಲಾಗಲಿ ಕೋಟೆಯಲ್ಲಾಗಲಿ ತಾಲ್ಲೂಕು ಕಚೇರಿಯ ಗೋಡೆ ಮೇಲೆ, ಹೊಗೆಸೊಪ್ಪಿನ ಹರಾಜು ಕೇಂದ್ರದ ಬಾಗಿಲಲ್ಲಿ, ಬಸ್ ನಿಲ್ದಾಣದಲ್ಲಿ ದಪ್ಪಕ್ಷರದಲ್ಲಿ ಬರೆಸಬೇಕು. ದೂರು ಕೊಟ್ಟವರು ಸೀಲು ಬಿದ್ದ ಸ್ವೀಕೃತಿ ಪಡೆಯದೆ ಕೌಂಟರ್ ಬಿಟ್ಟು ಕದಲಬಾರದು.