ಸತ್ತವರು ಕೊಂಡ ಜಮೀನು

‘ಚೈನಾಟೌನ್’ ನೋಡಿದವರೆಲ್ಲ ಮೊದಲು ನೆನೆಸಿಕೊಳ್ಳುವುದು ಮೂಗು ಸೀಳುವ ದೃಶ್ಯವನ್ನು. ಪತ್ತೇದಾರ ಗಿಟಿಸ್‌ನ ಮೂಗಿನ ಹೊಳ್ಳೆಗೆ ಚಾಕು ಹಾಕುವ ಪುಂಡನಾಗಿ ನಿರ್ದೇಶಕ ರೋಮನ್ ಪೊಲನ್‌ಸ್ಕಿಯೇ ಕಾಣಿಸಿಕೊಂಡಿದ್ದಾನೆ. ನನ್ನ ಮೈ ಜುಮ್ಮೆಂದದ್ದು ಮಾತ್ರ ಇನ್ನೊಂದು ಕಡೆ. ತಾಲ್ಲೂಕು ಕಚೇರಿಯ ಎದುರು ಕ್ರಯಪತ್ರ, ದಾನಪತ್ರ, ವಿಭಾಗಪತ್ರ ಬರೆದು ಸಂಸಾರ ಸಾಕಿದವನು ನಾನು. ಗಿಟಿಸ್ ಭೂದಾಖಲೆ ಕಚೇರಿಯಲ್ಲಿ ದಪ್ಪ ರಿಜಿಸ್ಟರ್ ತೆರೆದಾಗ ಕೂತಲ್ಲೇ ಮುಂದಕ್ಕೆ ಬಾಗಿದೆ. ಎದುರಿಗೆ ಸಿಡುಕು ಮೋರೆಯ ಗುಮಾಸ್ತ. ಮಾಲೀಕರ ಕಾಲಂನಲ್ಲಿ ಎಷ್ಟೋ ಕಡೆ ಹೊಸ ಹೆಸರುಗಳನ್ನು ಅಂಟಿಸಿದ್ದಾರೆ. ಕೆಲವೇ ತಿಂಗಳಲ್ಲಿ ಇಡೀ ಕಣಿವೆಯೇ ಕೈ ಬದಲಾಯಿಸಿದೆ! ಗಿಟಿಸ್ ಆ ಗುಮಾಸ್ತನಿಂದಲೇ ರೂಲರ್ ಇಸಿದುಕೊಂಡು, ಹಾಳೆಯ ಮೇಲೆ ಒತ್ತಿ ಹಿಡಿದು, ಸದ್ದು ಕೇಳದಂತೆ ಕೆಮ್ಮುತ್ತಾ ಬೇಕಾದಷ್ಟನ್ನು ಹರಿದುಕೊಳ್ಳುತ್ತಾನೆ.

1974ರಲ್ಲಿ ತೆರೆಕಂಡ ಈ ಚಿತ್ರ ಹನ್ನೊಂದು ಆಸ್ಕರ್‌ಗಳಿಗೆ ನಾಮನಿರ್ದೇಶನಗೊಂಡು ಒಂದನ್ನು ಗೆದ್ದಿತು. ಅದು ರಾಬರ್ಟ್ ಟೌನ್ ಬರೆದ ಚಿತ್ರಕಥೆಗೆ. ಕತೆ ನಡೆಯುವುದು 1937ರ ಲಾಸ್ ಏಂಜಲೀಸ್‌ನಲ್ಲಿ. ಊರಿಗೆ ಬರ. ಆದರೆ ರಾತ್ರಿಯಾದರೆ ಯಾರೋ ನೀರನ್ನು ಸಮುದ್ರಕ್ಕೆ ಬಿಡುತ್ತಿದ್ದಾರೆ. ಜನ ಹೆದರಿ ಹೊಸ ಅಣೆಕಟ್ಟಿಗೆ ಒಪ್ಪಲಿ ಎಂಬುದು ಲೆಕ್ಕಾಚಾರ. ಇದನ್ನು ಪತ್ತೆಹಚ್ಚಿದ ನೀರು ಇಲಾಖೆಯ ಮುಖ್ಯ ಎಂಜಿನಿಯರ್ ಮಲ್‌ರೇ ಹೆಣವಾಗಿ ಸಿಗುತ್ತಾನೆ. ಸಿಕ್ಕಿದ್ದು ಸಿಹಿನೀರಿನಲ್ಲಿ, ಶ್ವಾಸಕೋಶದಲ್ಲಿದ್ದದ್ದು ಉಪ್ಪುನೀರು.

ಇತ್ತ ಆ ಅಣೆಕಟ್ಟಿನ ನೀರು ಹೋಗಲಿರುವ ಕಣಿವೆಯ ರೈತರ ಬಾವಿಗೆ ವಿಷ ಬೀಳುತ್ತದೆ, ನೀರಿನ ತೊಟ್ಟಿಗಳು ಒಡೆಯುತ್ತವೆ. ಬೇಸತ್ತವರು ಸಿಕ್ಕ ಬೆಲೆಗೆ ಮಾರಿ ಹೊರಡುತ್ತಾರೆ. ಕೊಂಡವರು ಯಾರು? ಗಿಟಿಸ್ ಹರಿದು ತಂದ ಚೂರಿನಲ್ಲಿರುವ ಹೆಸರುಗಳೆಲ್ಲ ಒಂದು ವೃದ್ಧಾಶ್ರಮದವರವು. ಅಲ್ಲಿ ಅಜ್ಜಿಯರು ಕೂತು ಬಟ್ಟೆ ಹೊಲಿಯುತ್ತಿದ್ದಾರೆ. ತಾವು ಸಾವಿರಾರು ಎಕರೆಯ ಒಡತಿಯರೆಂಬುದು ಅವರಿಗೇ ಗೊತ್ತಿಲ್ಲ. ಆ ಚೂರಿನಲ್ಲಿ ಹೆಸರಿರುವ ಒಬ್ಬ ಮುದುಕ ಸತ್ತು ಎರಡು ವಾರ, ಜಮೀನು ಕೊಂಡು ಒಂದು ವಾರ.

ನಮ್ಮ ಕಸುಬಿನವರಿಗೆ ಇದು ಹೊಸದೇನಲ್ಲ. ಛಾಪಾ ಕಾಗದದ ಮೇಲೆ ಹೆಬ್ಬೆಟ್ಟು ಒತ್ತುವ ಆಳು ಎದುರಿಗಿದ್ದರೆ, ದುಡ್ಡು ಕೊಟ್ಟ ಧಣಿ ಆಚೆ ಕಾರಿನಲ್ಲಿರುತ್ತಾನೆ. ಚಕ್ಕುಬಂದಿ ಸರಿ, ಸರ್ವೆ ನಂಬರು ಸರಿ, ಇಬ್ಬರು ಸಾಕ್ಷಿಗಳ ರುಜುವೂ ಸರಿ. ಬೇನಾಮಿ ವ್ಯವಹಾರದ ಮೇಲೆ ನಮ್ಮಲ್ಲಿ ಕಾಯ್ದೆ ಬಂದದ್ದು 1988ರಲ್ಲಿ. ಆದರೂ ಪತ್ರ ನೋಡಿದರೆ ಯಾವ ತಪ್ಪೂ ಕಾಣುವುದಿಲ್ಲ. ತಪ್ಪಿರುವುದು ಪತ್ರದಲ್ಲಿ ಇಲ್ಲದ ಹೆಸರಿನಲ್ಲಿ.

ಚಿತ್ರದಲ್ಲಿ ಆ ಹೆಸರು ನೋವಾ ಕ್ರಾಸ್. ಜಾನ್ ಹ್ಯೂಸ್ಟನ್ ಅವನನ್ನು ಊರ ಹಿರಿಯನಂತೆ ಆಡಿದ್ದಾನೆ: ತಿಳಿಬಣ್ಣದ ಉಡುಪು, ನಿಧಾನದ ಮಾತು, ಬಂದವರಿಗೆ ಊಟದ ಉಪಚಾರ. ಗಿಟಿಸ್‌ನ ಹೆಸರನ್ನು ಎಷ್ಟು ಸಲ ತಿದ್ದಿದರೂ ತಪ್ಪಾಗಿಯೇ ಕರೆಯುತ್ತಾನೆ. ಎದುರಿಗಿರುವವನು ಲೆಕ್ಕಕ್ಕಿಲ್ಲ ಎಂದು ತೋರಿಸಲು ಇದಕ್ಕಿಂತ ಸಭ್ಯವಾದ ದಾರಿ ಉಂಟೆ? ಸ್ವಂತ ಮಗಳಲ್ಲಿ ಮಗು ಹುಟ್ಟಿಸಿದವನೂ ಇವನೇ. ಈಗ ಆ ಮಗುವೂ ತನಗೆ ಬೇಕೆನ್ನುತ್ತಾನೆ. ಊರಿನ ನೀರು, ರೈತರ ನೆಲ, ಮನೆಯ ಹೆಣ್ಣುಮಕ್ಕಳು ಎಲ್ಲವೂ ಅವನ ಪಾಲಿಗೆ ಒಂದೇ ಖಾತೆಯ ಆಸ್ತಿ. ಟೌನ್ ಬರೆದಿದ್ದ ಅಂತ್ಯದಲ್ಲಿ ಮಗಳು ಅವನನ್ನು ಕೊಲ್ಲುತ್ತಿದ್ದಳು. ಪೊಲನ್‌ಸ್ಕಿ ಒಪ್ಪಲಿಲ್ಲ. ತೆರೆಯ ಮೇಲೆ ಸಾಯುವವಳು ಮಗಳು, ಅದೂ ಪೊಲೀಸರ ಗುಂಡಿಗೆ. ಗಿಟಿಸ್ ಹರಿದು ತಂದ ಚೂರು ಯಾವ ಕೋರ್ಟಿನ ಮೇಜಿಗೂ ಏರುವುದಿಲ್ಲ.

ಈ ಕತೆಗೆ ಬೇರು ಒದಗಿಸಿದ ಇತಿಹಾಸ ಕತೆಯ ಕಾಲಕ್ಕಿಂತ ಮೂರು ದಶಕ ಹಿಂದಿನದು. ಲಾಸ್ ಏಂಜಲೀಸ್‌ನ ಮಾಜಿ ಮೇಯರ್ ಫ್ರೆಡ್ ಈಟನ್ ದೂರದ ಓವೆನ್ಸ್ ಕಣಿವೆಯಲ್ಲಿ ನೀರಿನ ಹಕ್ಕಿದ್ದ ಜಮೀನುಗಳನ್ನು ಕೊಳ್ಳುತ್ತಾ ಹೋದ. ಕೇಂದ್ರ ಸರ್ಕಾರದ ನೀರಾವರಿ ಯೋಜನೆಗಿರಬೇಕು ಎಂದುಕೊಂಡು ಮಾರಿದ ರೈತರಿದ್ದರು. ಎಂಜಿನಿಯರ್ ವಿಲಿಯಂ ಮಲ್‌ಹಾಲೆಂಡ್ ಕಟ್ಟಿಸಿದ ಸುಮಾರು 375 ಕಿಲೋಮೀಟರ್ ಕಾಲುವೆಯಲ್ಲಿ 1913ರ ನವೆಂಬರ್ 5ರಂದು ನೀರು ಬಂತು. ಅದರಿಂದ ಬೆಲೆ ಏರಿದ್ದು ನಗರದ ಪಕ್ಕದ ಸ್ಯಾನ್ ಫರ್ನಾಂಡೋ ಕಣಿವೆಗೆ. ಅಲ್ಲಿ ಮೊದಲೇ ಜಮೀನು ಹಿಡಿದಿದ್ದ ಕೂಟದಲ್ಲಿ ‘ಲಾಸ್ ಏಂಜಲೀಸ್ ಟೈಮ್ಸ್’ ಪತ್ರಿಕೆಯ ಒಡೆಯ ಹ್ಯಾರಿಸನ್ ಗ್ರೇ ಓಟಿಸ್ ಇದ್ದ, ನೀರು ಮಂಡಳಿಯ ಸದಸ್ಯನೇ ಆಗಿದ್ದ ಮೋಸೆಸ್ ಶರ್ಮನ್ ಇದ್ದ. ಅತ್ತ ಓವೆನ್ಸ್ ಸರೋವರ 1920ರ ದಶಕದಲ್ಲಿ ಒಣಗಿ ಧೂಳಾಯಿತು.

ನಿಜಕತೆಯಲ್ಲಿ ಸತ್ತವರ ಹೆಸರು ಬೇಕಾಗಲಿಲ್ಲ. ‘ಎಕ್ಸಾಮಿನರ್’ ಎಂಬ ಎದುರಾಳಿ ಪತ್ರಿಕೆ 1905ರಲ್ಲೇ ಈ ಕೂಟದ ಗುಟ್ಟನ್ನು ಹೆಸರುಗಳ ಸಮೇತ ಬಯಲಿಗೆಳೆಯಿತು. ಕೆಲವೇ ವಾರಗಳಲ್ಲಿ ಯೋಜನೆಯ ಸಾಲಪತ್ರಕ್ಕೆ ಮತದಾನ ನಡೆಯಿತು; ಜನ ಭಾರಿ ಬಹುಮತದಿಂದ ಒಪ್ಪಿದರು. ನಲ್ಲಿಯಲ್ಲಿ ನೀರು ಬರುವುದಾದರೆ ಜಮೀನು ಯಾರದಾದರೇನು! ಪತ್ತೇದಾರಿ ಚಿತ್ರಕ್ಕೆ ಮುಖವಾಡ ಬೇಕು, ಕಳಚುವವನೊಬ್ಬ ಬೇಕು. ಊರಿಗೆ ಬಾಯಾರಿದಾಗ ದೊಡ್ಡ ಮನುಷ್ಯರಿಗೆ ಮುಖವಾಡದ ಖರ್ಚೂ ಉಳಿಯುತ್ತದೆ. ಸ್ಯಾನ್ ಫರ್ನಾಂಡೋ ಕಣಿವೆಯಲ್ಲಿ ಇಂದು ಶರ್ಮನ್ ಓಕ್ಸ್ ಎಂಬ ಬಡಾವಣೆಯಿದೆ, ಶರ್ಮನ್ ವೇ ಎಂಬ ರಸ್ತೆಯಿದೆ. ಆ ಶರ್ಮನ್ ನೀರು ಮಂಡಳಿಯ ಅದೇ ಸದಸ್ಯ.