ಬಾವಿಯ ಎಂಜಿನ್ನಿಗೆ ಡೀಸೆಲ್ ತಲುಪದಿದ್ದಾಗ

ಬಾವಿಯಲ್ಲಿ ನೀರಿದೆ, ಟಾಕಿಯಲ್ಲಿ ಡೀಸೆಲ್ ಇದೆ. ಆದರೂ ಎಂಜಿನ್ ಚಾಲೂ ಆಗುವುದಿಲ್ಲ. ಜತ್ತ, ಅಕ್ಕಲಕೋಟೆಗಳಂಥ ಮಳೆ ಕಡಿಮೆಯ ಸೀಮೆಯಲ್ಲಿ ಪೇಟೆಯ ಮಿಸ್ತ್ರಿ ಬರುವುದು ನಾಲ್ಕು ದಿನ ತಡವಾದರೆ ತೆನೆಗೆ ಬಂದ ಬೆಳೆ ಬಾಡೀತು. ಇಂಥ ಸಮಯದಲ್ಲಿ ರೈತರು ತಾವೇ ನೋಡಿಕೊಳ್ಳಬಹುದಾದುದನ್ನು ನಾವಿಲ್ಲಿ ತಿಳಿಸುತ್ತೇವೆ.

ಡೀಸೆಲ್ ಎಂಜಿನ್ನಿಗೆ ಕಿಡಿ ಹಾರಿಸುವ ಪ್ಲಗ್ ಇಲ್ಲ. ಸಿಲಿಂಡರಿನೊಳಗಿನ ಗಾಳಿ ಬಲವಾಗಿ ಒತ್ತಿಗೆ ಸಿಕ್ಕು ಕಾಯುತ್ತದೆ. ಆ ಕಾದ ಗಾಳಿಗೆ ಪಂಪು ನಾಜಲ್ಲಿನ ಮೂಲಕ ಡೀಸೆಲ್ಲನ್ನು ಮಂಜಿನಂತೆ ಚಿಮ್ಮಿಸಿದಾಗ ಉರಿ ಹತ್ತುತ್ತದೆ. ಡೀಸೆಲ್ ಒತ್ತಿದರೆ ಕುಗ್ಗದು, ಗಾಳಿ ಕುಗ್ಗುತ್ತದೆ. ಆದುದರಿಂದ ನಳಿಕೆಯಲ್ಲಿ ಗಾಳಿಯ ಗುಳ್ಳೆ ಸೇರಿದರೆ ಪಂಪಿನ ಬಲವೆಲ್ಲ ಗುಳ್ಳೆಯನ್ನು ಕುಗ್ಗಿಸುವುದರಲ್ಲೇ ಮುಗಿದು ನಾಜಲ್ ತೆರೆಯುವುದೇ ಇಲ್ಲ. ಗಾಳಿ, ನೀರು, ಕಸ, ಈ ಮೂರೇ ಹೆಚ್ಚಿನ ತೊಂದರೆಗಳಿಗೆ ಮೂಲ.

ಮೊದಲು ಹೊಗೆಯನ್ನು ನೋಡಿರಿ. ಹ್ಯಾಂಡಲ್ ತಿರುವಿದಾಗ ಹೊಗೆಯೇ ಬಾರದಿದ್ದರೆ ಡೀಸೆಲ್ ಒಳಗೆ ಹೋಗುತ್ತಿಲ್ಲ. ಬಿಳಿ ಹೊಗೆ ಬಂದರೆ ಡೀಸೆಲ್ ಹೋಗುತ್ತಿದೆ, ಸರಿಯಾಗಿ ಉರಿಯುತ್ತಿಲ್ಲ. ಅದರಲ್ಲಿ ನೀರು ಬೆರೆತಿರಬಹುದು. ಓಡುವಾಗ ಕಪ್ಪು ಹೊಗೆ ಬಂದರೆ ಅದು ಡೀಸೆಲ್ ಕೊರತೆಯಲ್ಲ. ಗಾಳಿ ಸೋಸುವ ಡಬ್ಬಿ, ನಾಜಲ್, ಹೊರೆ ಇವುಗಳನ್ನು ನೋಡಬೇಕು.

ಡೀಸೆಲ್ ಹೋಗುತ್ತಿಲ್ಲವೆಂದು ತಿಳಿದರೆ ಟಾಕಿಯಿಂದ ಆರಂಭಿಸಿ ಎಂಜಿನ್ನಿನ ಕಡೆಗೆ ಕ್ರಮವಾಗಿ ಬನ್ನಿರಿ.

1. ಟಾಕಿಯ ಮುಚ್ಚಳದಲ್ಲಿರುವ ಸಣ್ಣ ತೂತು ಧೂಳಿನಿಂದ ಮುಚ್ಚಿದ್ದರೆ ಎಂಜಿನ್ ಸ್ವಲ್ಪ ಹೊತ್ತು ಓಡಿ ನಿಲ್ಲುತ್ತದೆ. ಮುಚ್ಚಳ ಸಡಿಲಿಸಿದೊಡನೆ ಸರಿಯಾಗಿ ಓಡಿದರೆ ದೋಷ ಅಲ್ಲಿಯೇ ಇದೆ.

2. ನೀರಿಗಿಂತ ಡೀಸೆಲ್ ಹಗುರ. ಹೀಗಾಗಿ ನೀರು ತಳಕ್ಕೆ ಇಳಿಯುತ್ತದೆ. ಬೆಳಿಗ್ಗೆ, ಎಂಜಿನ್ ಹಚ್ಚುವ ಮೊದಲು, ತಳದ ಸ್ಕ್ರೂ ಬಿಚ್ಚಿ ನೀರನ್ನೂ ಕೆಸರನ್ನೂ ಡಬ್ಬಿಗೆ ಹಿಡಿದು ತೆಗೆಯಿರಿ. ಬಾವಿಗೆ ಬೀಳದಂತೆ ನೋಡಿಕೊಳ್ಳಿರಿ.

3. ಫಿಲ್ಟರ್ ಕಟ್ಟಿದ್ದರೆ ಎಂಜಿನ್ ಬರಿದೇ ಓಡೀತು, ನೀರೆತ್ತುವಾಗ ಸೋಲುತ್ತದೆ. ಕಾಗದದ ಫಿಲ್ಟರನ್ನು ತೊಳೆಯದೆ ಹೊಸದು ಹಾಕಿರಿ.

4. ಆಮೇಲೆ ಗಾಳಿ ತೆಗೆಯಬೇಕು. ಟಾಕಿಯ ನಲ್ಲಿ ತೆರೆದು ಫಿಲ್ಟರಿನ ಮೇಲಿನ ಸ್ಕ್ರೂ ಸಡಿಲಿಸಿರಿ. ಮೊದಲು ಗುಳ್ಳೆ ಬರುತ್ತವೆ. ಗುಳ್ಳೆಯಿಲ್ಲದೆ ಡೀಸೆಲ್ ಹರಿಯತೊಡಗಿದಾಗ, ಹರಿಯುತ್ತಿರುವಂತೆಯೇ ಬಿಗಿಯಿರಿ. ಪಂಪಿನ ಸ್ಕ್ರೂವಿಗೂ ಹೀಗೆಯೇ ಮಾಡಿರಿ. ಕೊನೆಗೆ ನಾಜಲ್ಲಿಗೆ ಹೋಗುವ ನಳಿಕೆಯ ನಟ್ಟನ್ನು ಪಾನಾದಿಂದ ಒಂದು ಸುತ್ತು ಸಡಿಲಿಸಿ, ಗುಳ್ಳೆ ನಿಲ್ಲುವವರೆಗೆ ಹ್ಯಾಂಡಲ್ ನಿಧಾನವಾಗಿ ತಿರುವಿ, ಮತ್ತೆ ಬಿಗಿಯಿರಿ. ಗಾಳಿ ಮತ್ತೆ ಮತ್ತೆ ಸೇರುತ್ತಿದ್ದರೆ ಯಾವುದೋ ಜೋಡಣೆ ಸಡಿಲಾಗಿದೆ, ಇಲ್ಲವೆ ವಾಶರ್ ಸವೆದಿದೆ.

ಇಷ್ಟಾದರೂ ಎಂಜಿನ್ ಹೊರಡದಿದ್ದರೆ ಮಿಸ್ತ್ರಿಗೆ ಹೇಳಿ ಕಳುಹಿಸಿರಿ. ಪಂಪನ್ನಾಗಲಿ ನಾಜಲ್ಲನ್ನಾಗಲಿ ಹೊಲದಲ್ಲಿ ಬಿಚ್ಚಬೇಡಿರಿ. ಅವುಗಳ ಒಳಭಾಗಕ್ಕೆ ಒಂದು ಕಣ ಧೂಳು ಸಾಕು, ಕೆಡುತ್ತವೆ. ನಾಜಲ್ ಚಿಮ್ಮುವಾಗ ಕೈ ಅಡ್ಡ ಹಿಡಿಯಲೇಬಾರದು. ಆ ಧಾರೆ ಚರ್ಮವನ್ನು ಸೀಳಿ ಮಾಂಸದೊಳಗೆ ಹೊಗುತ್ತದೆ. ಗಾಯ ಸೂಜಿ ಚುಚ್ಚಿದಷ್ಟೇ ಕಂಡರೂ ಬೆರಳೇ ಹೋಗುವ ಅಪಾಯವಿದೆ. ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಡೀಸೆಲ್ಲನ್ನು ಶುದ್ಧ ಅರಿವೆಯಲ್ಲಿ ಸೋಸಿ ಹಾಕಿರಿ. ಸಂಜೆಯೇ ಟಾಕಿ ತುಂಬಿಸಿಟ್ಟರೆ ರಾತ್ರಿಯ ತಂಪಿಗೆ ಒಳಗೆ ಬೆವರುನೀರು ಕಟ್ಟುವುದು ಕಡಿಮೆ. ಟಾಕಿ ಬರಿದಾಗುವ ತನಕ ಓಡಿಸಬೇಡಿರಿ. ಇಷ್ಟು ಪಾಲಿಸಿದರೆ ಬೆಳೆಗೆ ನೀರು ಬೇಕಾದ ಹೊತ್ತಿಗೆ ಎಂಜಿನ್ ಕೈಕೊಡುವುದು ಅಪರೂಪ.